ಬಸಿದ ನೀರು

ನಮ್ಮ ಹಾಸನದ ಕಡೆಯ ಹೆಣ್ಣುಮಕ್ಕಳಿಗೆ ಬಸ್ಸಾರು ಮಾಡುವುದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ನೋಡಿ ನೋಡಿಯೇ ಬಂದುಬಿಡುತ್ತದೆ. ಬೆರಕೆ ಸೊಪ್ಪನ್ನೋ ದಂಟಿನ ಸೊಪ್ಪನ್ನೋ ಹೆಚ್ಚಿ, ಒಂದು ಹಿಡಿ ಹುರುಳಿಕಾಳೋ ಅವರೆಕಾಳೋ ಹಾಕಿ ಬೇಯಿಸಿ, ನೀರು ಬಸಿದು, ಬೆಂದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ ಮಾಡಿ, ಬಸಿದ ನೀರಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ ಅರೆದ ಖಾರ ಕದಡಿ ಕುದಿಸಿದರೆ ಆಯಿತು. ಮುದ್ದೆಗೆ ಅದರಷ್ಟು ಒಗ್ಗುವ ಸಾರು ಇನ್ನೊಂದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನೊಮ್ಮೆ ಏನೋ ಯೋಚನೆಯಲ್ಲಿ ಆ ನೀರನ್ನು ಬಚ್ಚಲಿಗೆ ಚೆಲ್ಲಿಬಿಟ್ಟಿದ್ದೆ. ಅತ್ತೆ ಬೈಯಲಿಲ್ಲ. ಎರಡು ದಿನ ಮಾತಾಡಲಿಲ್ಲ, ಅಷ್ಟೆ. ಮೂರನೆಯ ದಿನ, "ಸಾರ ಎಲ್ಲಾ ಅದ್ರಾಗೇ ಇರದು ಕಣವ್ವ" ಎಂದರು.

ಅಂಥ ಅತ್ತೆಯ ಎದುರು ಕೂತು, 2023ರ ಒಂದು ಮಧ್ಯಾಹ್ನ, ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವಳಿರಬಹುದಾದ ಒಬ್ಬ ಹುಡುಗಿ ಹೇಳಿದಳು: "ಅಜ್ಜಿ, ಸೊಪ್ಪನ್ನ ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರನ್ನ ಚೆಲ್ಲಿಬಿಡಿ."

ಅವಳು ಡಯಟೀಷಿಯನ್. ಅತ್ತೆಗೆ ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಆ ವರ್ಷ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು, ಮೂತ್ರಪಿಂಡ ಸೋಲತೊಡಗಿದೆ ಎಂದು ಡಾಕ್ಟರು ಹೇಳಿ, ಊಟದ ವಿಷಯ ಇವರನ್ನು ಕೇಳಿ ಎಂದು ಪಕ್ಕದ ಕೋಣೆಗೆ ಕಳಿಸಿದ್ದರು. "ಊಟ ಮಾಡೋದು ಹೇಳ್ಕೊಡಕ್ಕೆ ಈ ಮಗಾನಾ?" ಎಂದು ಅತ್ತೆ ನನ್ನ ಕಿವಿಯಲ್ಲಿ ಅಂದದ್ದು ಆ ಹುಡುಗಿಗೂ ಕೇಳಿಸಿರಬೇಕು. ಅವಳು ನಕ್ಕು ಸುಮ್ಮನಾದಳು. ನನಗೆ ಆಶ್ಚರ್ಯವಾದದ್ದು, ಅವಳು ಅಚ್ಚು ಹಾಕಿಸಿದ ಪಟ್ಟಿಯೊಂದನ್ನು ಕೈಗಿಡದೆ, ಮುಕ್ಕಾಲು ಗಂಟೆ ಬರೀ ಕೇಳಿದ್ದು. ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ, ಕಾಫಿಗೆ ಬೆಲ್ಲವೋ ಸಕ್ಕರೆಯೋ, ಮುದ್ದೆ ಎಷ್ಟು ದಪ್ಪ, ತೋರಿಸಿ ಎಂದು ಅತ್ತೆಯ ಎರಡು ಕೈಗಳನ್ನು ಮುದ್ದೆ ಕಟ್ಟುವ ಹಾಗೆ ಹಿಡಿಸಿ ನೋಡಿದಳು. ಮೇಜಿನ ಮೇಲೆ ಒಂದು ದಪ್ಪ ಪುಸ್ತಕವಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ಹೊರತಂದದ್ದಂತೆ. ನಮ್ಮ ದೇಶದ 528 ಆಹಾರ ಪದಾರ್ಥಗಳಲ್ಲಿ ಏನೇನು ಎಷ್ಟೆಷ್ಟಿದೆ ಎಂಬ ಲೆಕ್ಕ ಅದರಲ್ಲಿದೆ.

ತೊಂದರೆ ಏನೆಂದರೆ, ಒಂದೇ ಮೈಯಲ್ಲಿ ಎರಡು ಕಾಯಿಲೆ ಇದ್ದರೆ ಅವು ಸವತಿಯರ ಹಾಗೆ ಕಿತ್ತಾಡುತ್ತವೆ. ಸಕ್ಕರೆ ಕಾಯಿಲೆಗೆ ಅನ್ನ ಕಡಿಮೆ ಮಾಡಿ, ರಾಗಿ, ಕಾಳು, ಸೊಪ್ಪು ತಿನ್ನಿ ಎಂದು ಹದಿನೆಂಟು ವರ್ಷ ಹೇಳಿಸಿಕೊಂಡಿದ್ದೆವು. ಈಗ ಮೂತ್ರಪಿಂಡಕ್ಕೆ ಅವೇ ಭಾರ. ಸೋತ ಮೂತ್ರಪಿಂಡ ಪೊಟ್ಯಾಸಿಯಂ ಅನ್ನುವ ಲವಣವನ್ನು ಹೊರಹಾಕಲಾರದು; ಅದು ರಕ್ತದಲ್ಲಿ ಹೆಚ್ಚಾದರೆ ಹೃದಯದ ಬಡಿತವೇ ತಪ್ಪಬಹುದು. ರಾಗಿಯಲ್ಲಿ ಅದು ಅಕ್ಕಿಯಲ್ಲಿರುವುದಕ್ಕಿಂತ ಹಲವು ಪಟ್ಟು. ಕಾಳು, ಸೊಪ್ಪು, ಬಾಳೆಹಣ್ಣು, ಎಳನೀರು, ಎಲ್ಲದರಲ್ಲೂ ಧಾರಾಳ. ಬೇಯಿಸಿದಾಗ ಅದು ನೀರಿಗೆ ಇಳಿಯುತ್ತದೆ. ಹಾಗಾಗಿ ಸೊಪ್ಪು ಇರಲಿ, ನೀರು ಹೋಗಲಿ. ನಮ್ಮತ್ತೆ ಹೇಳಿದ್ದು ನಿಜವೇ ಆಗಿತ್ತು ನೋಡಿ, ಸಾರ ಎಲ್ಲಾ ಆ ನೀರಿನಲ್ಲೇ ಇತ್ತು!

ಮನೆಗೆ ಬಂದವರೆಲ್ಲ ಒಳ್ಳೆಯದನ್ನೇ ಹೇಳುವವರು. ಎದುರು ಮನೆಯವರು ತಂಪೆಂದು ಎಳನೀರು ತಂದರು. ಬೆಂಗಳೂರಿನ ಮೈದುನ ಬಾಳೆದಿಂಡಿನ ರಸ ಕುಡಿಸಿ ಎಂದು ದಿನಾ ವಾಟ್ಸಾಪ್ ಕಳಿಸಿದ. ಓರಗಿತ್ತಿ ಬಿ.ಪಿ.ಗೆ ಒಳ್ಳೆಯದೆಂದು ಸೋಡಿಯಂ ಕಡಿಮೆ ಇರುವ ಉಪ್ಪಿನ ಪೊಟ್ಟಣ ತಂದಿಟ್ಟಳು. ಆ ಹುಡುಗಿ ಪೊಟ್ಟಣದ ಹಿಂಭಾಗ ಓದಿ, "ಇದರಲ್ಲಿ ಸೋಡಿಯಂ ತೆಗೆದು ಪೊಟ್ಯಾಸಿಯಂ ತುಂಬಿದಾರೆ, ಅಜ್ಜಿಗೆ ಬೇಡ" ಎಂದು ವಾಪಸು ಕೊಟ್ಟಳು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಉಪ್ಪನ್ನು ಬಳಸಬಹುದೆಂದು ಸಲಹೆ ಕೊಟ್ಟಾಗಲೂ ಮೂತ್ರಪಿಂಡದ ತೊಂದರೆಯವರಿಗೆ ಅದು ಅನ್ವಯಿಸದು ಎಂದೇ ಹೇಳಿತು. ಪ್ರೀತಿಯಿಂದ ತಂದದ್ದೆಲ್ಲ ಮೈಗೆ ಹಿಡಿಯಬೇಕೆಂದಿಲ್ಲವಲ್ಲ.

ಇಷ್ಟೆಲ್ಲ ನಿಭಾಯಿಸಲು ಅವಳು ನನಗೊಂದು ಕೆಲಸ ಕೊಟ್ಟಳು. ನೂರು ಪುಟದ ಒಂದು ಪುಸ್ತಕ. ಅತ್ತೆ ತಿಂದದ್ದು, ಕುಡಿದದ್ದು ದಿನವೂ ಅದರಲ್ಲಿ ಬರೆಯಬೇಕು. ನಾನು ಹೈಸ್ಕೂಲಿನಲ್ಲಿ ಬರೆದದ್ದಕ್ಕಿಂತ ದುಂಡಗೆ ಬರೆದೆ. ಗೆರೆ ಎಳೆದು, ಹೊತ್ತು ಹಾಕಿ, ಲೋಟ, ಚಮಚದ ಲೆಕ್ಕ ಹಾಕಿ. ಎರಡನೆಯ ಸಲ ಹೋದಾಗ ಅವಳು ಪುಟ ತಿರುವಿ, "ಎಷ್ಟು ಚೆನ್ನಾಗಿ ಇಟ್ಟಿದೀರ ಮೇಡಂ, ಬೇರೆಯವರಿಗೂ ಇದನ್ನೇ ತೋರಿಸ್ತೀನಿ" ಎಂದಳು. ಐವತ್ತೊಂದನೆಯ ವಯಸ್ಸಿನಲ್ಲಿ ಮೇಷ್ಟರ ಕೈಯಲ್ಲಿ ಶಹಬ್ಬಾಸ್ ಅನ್ನಿಸಿಕೊಂಡಂತೆ ಹಿಗ್ಗಿದೆ. ಆ ಹಿಗ್ಗಿನ ಬೆಲೆಯನ್ನು ಅತ್ತೆ ಕೊಟ್ಟರು. ನಾನು ಹೇಳಹೊರಟಿರುವುದೇ ಅದನ್ನು.

2024ರ ಬೇಸಿಗೆ. ಒಂದು ಮಧ್ಯಾಹ್ನ ಮಹಡಿಯಲ್ಲಿ ಹಪ್ಪಳ ತಿರುವಿ ಹಾಕಿ ಇಳಿದು ಬಂದೆ. ಅಡುಗೆಮನೆಯಲ್ಲಿ ಅತ್ತೆ ಬೆನ್ನು ಮಾಡಿ ನಿಂತಿದ್ದರು. ಚೆಲ್ಲಲೆಂದು ನಾನು ಬಸಿದಿಟ್ಟಿದ್ದ ಸೊಪ್ಪಿನ ಕಟ್ಟನ್ನು ಲೋಟಕ್ಕೆ ಬಗ್ಗಿಸಿಕೊಂಡು, ಎರಡು ಕಲ್ಲುಪ್ಪು, ಮೆಣಸಿನ ಪುಡಿ ಹಾಕಿ, ಊದಿ ಊದಿ ಕುಡಿಯುತ್ತಿದ್ದರು. ಕದ್ದು ತಿನ್ನುವ ಮಗುವಿನ ಹಾಗಲ್ಲ, ದೇವರ ಮುಂದೆ ತೀರ್ಥ ತೆಗೆದುಕೊಳ್ಳುವವರ ಹಾಗೆ. ನಾನು ಸದ್ದು ಮಾಡದೆ ಹಿಂದಕ್ಕೆ ಸರಿದೆ.

ಅವತ್ತು ಪುಸ್ತಕದಲ್ಲಿ ಅದನ್ನು ಬರೆಯಲಿಲ್ಲ. ಮುಂದಿನ ವಾರವೂ ಕಂಡೆ, ಬರೆಯಲಿಲ್ಲ.

ಯಾಕೆ ಎಂದು ಆಮೇಲೆ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಕನಿಕರ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಐವತ್ತು ವರ್ಷ ಮನೆಯವರಿಗೆಲ್ಲ ಬಡಿಸಿ, ಕೊನೆಗೆ ಪಾತ್ರೆಯಲ್ಲಿ ಉಳಿದದ್ದನ್ನು ಉಂಡ ಹೆಂಗಸು. ತಾನೇ ಆಳಿದ ಅಡುಗೆಮನೆಯಲ್ಲಿ ಅರ್ಧ ಲೋಟ ನೀರಿಗೆ ಸೊಸೆಯ ಅಪ್ಪಣೆ ಬೇಕೆ? ಪರರ ಊಟದ ಮೇಲೆ ಕಣ್ಣಿಡುವುದೇ ಹೀನ ಕೆಲಸ ಎಂದು ಬೆಳೆದವರು ನಾವು. ಅದನ್ನು ಬರೆದು ಮೂರನೆಯವರಿಗೆ ಒಪ್ಪಿಸಿದರೆ ಅದು ಚಾಡಿಯಲ್ಲದೆ ಇನ್ನೇನು? ಇದೆಲ್ಲ ಸುಳ್ಳಲ್ಲ. ಆದರೆ ಇದರ ಅಡಿಯಲ್ಲಿ ಇನ್ನೊಂದಿತ್ತು. ಬರೆದರೆ ನನ್ನ ಚೆಂದದ ಪುಸ್ತಕ ಕೆಡುತ್ತಿತ್ತು. ಒಳ್ಳೆಯ ಸೊಸೆ ಎನ್ನುವ ಹೆಸರು ಕೆಡುತ್ತಿತ್ತು. ಕನಿಕರ ಎಷ್ಟು, ಹೆಸರಿನ ಆಸೆ ಎಷ್ಟು ಎಂದು ಬಸಿದು ಬೇರೆ ಮಾಡಲು ನನಗೆ ಇವತ್ತಿಗೂ ಆಗಿಲ್ಲ.

ನಮ್ಮವರನ್ನು ಕೇಳಿದ್ದರೆ, "ಈ ವಯಸ್ಸಲ್ಲಿ ಏನೋ ತಿನ್ಲಿ ಬಿಡೇ" ಅನ್ನುತ್ತಿದ್ದರು. ಸೌಟೂ ಕೈಯಲ್ಲಿಲ್ಲದ, ಪುಸ್ತಕವೂ ಕೈಯಲ್ಲಿಲ್ಲದ ಗಂಡಸರಿಗೆ ಔದಾರ್ಯ ಸುಲಭ. ಇರಲಿ.

ಮುಂದಿನ ಪರೀಕ್ಷೆಯಲ್ಲಿ, 5ರ ಆಸುಪಾಸಿನಲ್ಲಿ ನಿಲ್ಲಬೇಕಾದ ಪೊಟ್ಯಾಸಿಯಂ 5.9 ಇತ್ತು. ಹುಡುಗಿ ನನ್ನ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಒಂದು ತಪ್ಪೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಊಟದಲ್ಲಿ ದೋಷವಿಲ್ಲ ಎಂದಮೇಲೆ ಮಾತ್ರೆಯದ್ದೇ ಇರಬೇಕು ಎಂದು ಡಾಕ್ಟರು ತೀರ್ಮಾನಿಸಿದರು. ಅತ್ತೆ ತೆಗೆದುಕೊಳ್ಳುತ್ತಿದ್ದ ಬಿ.ಪಿ. ಮಾತ್ರೆ ಮೂತ್ರಪಿಂಡವನ್ನು ಕಾಯುವಂಥದ್ದು, ಆದರೆ ಅದಕ್ಕೆ ಪೊಟ್ಯಾಸಿಯಂ ಏರಿಸುವ ಗುಣವೂ ಉಂಟು. ಅದನ್ನು ನಿಲ್ಲಿಸಿ ಬೇರೆ ಕೊಟ್ಟರು. ಜೊತೆಗೆ ನೀರಲ್ಲಿ ಕಲಸಿ ಕುಡಿಯುವ ಒಂದು ಪುಡಿ. ಅತ್ತೆ ಅದನ್ನು "ಸೀಮೆಸುಣ್ಣ" ಎಂದು ಕರೆದರು. ಪುಡಿಗೆ ಮಲಬದ್ಧತೆ ಹಿಡಿಯಿತು. ಹೊಸ ಮಾತ್ರೆಗೆ ಪಾದ ಊದಿಕೊಂಡವು. ಚಪ್ಪಲಿ ಕಾಲಿಗೆ ಹಿಡಿಯದೆ ಅವರು ದೇವಸ್ಥಾನಕ್ಕೆ ಹೋಗುವುದನ್ನು ಬಿಟ್ಟರು.

ಒಂದು ಸಂಜೆ ಅವರ ಪಾದಕ್ಕೆ ಎಣ್ಣೆ ಸವರುತ್ತ ಕೂತಿದ್ದೆ. ಒತ್ತಿದಲ್ಲೆಲ್ಲ ನನ್ನ ಬೆರಳಿನ ಗುಳಿ ಉಳಿಯುತ್ತಿತ್ತು. ಸುಳ್ಳು ನಾನು ಹೇಳಿರಲಿಲ್ಲ, ಬರೆಯದೆ ಬಿಟ್ಟಿದ್ದೆ ಅಷ್ಟೆ. ಆದರೆ ಎಲ್ಲವನ್ನೂ ಬರೆಯುವ ಪುಸ್ತಕದಲ್ಲಿ ಒಂದನ್ನು ಬಿಡುವುದಕ್ಕೆ ಬೇರೆ ಹೆಸರಿದೆಯೇ, ನೀವೇ ಹೇಳಿ. ಆ ಪುಟಗಳನ್ನು ನಂಬಿ ಒಬ್ಬರು ಮಾತ್ರೆ ಬದಲಿಸಿದ್ದರು.

"ಅತ್ತೆ, ನೀವು ಕಟ್ಟು ಕುಡಿಯೋದನ್ನ ನಾನು ನೋಡಿದೀನಿ" ಎಂದೆ.

"ನೋಡಿದ್ದೆ ಅಂತ ಗೊತ್ತು ಕಣವ್ವ. ಬಾಗ್ಲಲ್ಲಿ ನಿನ್ನ ನೆಳ್ಳು ಬಿದ್ದಿತ್ತು" ಎಂದರು ಅತ್ತೆ, ಏನೂ ಆಗದವರ ಹಾಗೆ. "ಓದ್ದೋಳು ನೀನು. ಕಂಡೂ ಸುಮ್ಕಿದ್ಯಲ್ಲ, ಅಷ್ಟಕ್ಕೆಲ್ಲ ಏನೂ ಆಗಕಿಲ್ಲ ಅಂದ್ಕಂಡೆ."

ಇದನ್ನು ಮಾತ್ರ ನಾನು ಎಣಿಸಿರಲಿಲ್ಲ. ನನ್ನ ಮೌನ ಅವರಿಗೆ ಮರ್ಯಾದೆಯಾಗಿ ಕಂಡಿರಲಿಲ್ಲ, ಕನಿಕರವಾಗಿಯೂ ಕಂಡಿರಲಿಲ್ಲ. ತಿಳಿದವಳೊಬ್ಬಳು ಕೊಟ್ಟ ಅಪ್ಪಣೆಯಾಗಿ ಕಂಡಿತ್ತು. ಅವರ ಇಷ್ಟಕ್ಕೆ ಬಿಟ್ಟಿದ್ದೇನೆ ಎಂದು ನಾನಂದುಕೊಂಡಿದ್ದಾಗ, ನನ್ನ ತಿಳಿವಳಿಕೆಯ ಮೇಲೆ ಭಾರ ಹಾಕಿ ಅವರು ಕುಡಿದಿದ್ದರು. ಎಪ್ಪತ್ತಮೂರರ ಹೆಂಗಸಿಗೆ, ಇದರಿಂದ ಇಂಥದ್ದಾಗುತ್ತದೆ ಎಂದು ಗೊತ್ತಿದ್ದೂ ನನಗದು ಬೇಕು ಅನ್ನುವ ಹಕ್ಕು ಇದೆ ಎಂದೇ ನಾನು ಈಗಲೂ ನಂಬುತ್ತೇನೆ. ಆದರೆ ನಾನು ಕೊಟ್ಟದ್ದು ಆ ಹಕ್ಕನ್ನಲ್ಲ. ಅದಕ್ಕೆ ಬೇಕಾದ ಒಂದು ಮಾತನ್ನೇ ನಾನು ನುಂಗಿದ್ದೆ.

ಮುಂದಿನ ಸಲ ಆ ಕೋಣೆಗೆ ಹೋದಾಗ ನನಗೆ ಗಂಟಲು ಕಟ್ಟಿತ್ತು. ಪುಸ್ತಕ ತೆರೆಯುವ ಮೊದಲೇ ಅತ್ತೆ, "ಮಗಾ, ಅದ್ರಾಗೆ ಇಲ್ದಿದ್ದು ಒಂದೈತೆ" ಎಂದು ತಾವೇ ಹೇಳಿದರು. ಹುಡುಗಿ ಬೈಯಬಹುದು ಎಂದುಕೊಂಡಿದ್ದೆ. ಅವಳು ಪೆನ್ನಿನ ಮುಚ್ಚಳ ತೆಗೆದು, "ಯಾವ ಸೊಪ್ಪು ಅಜ್ಜಿ? ದೊಡ್ಡ ಲೋಟಾನಾ, ಕಾಫಿ ಲೋಟಾನಾ? ವಾರಕ್ಕೆ ಎಷ್ಟು ಸಲ?" ಎಂದು ಕೇಳಿ ಬರೆದುಕೊಂಡಳು. ಡಾಕ್ಟರ ಹತ್ತಿರವೂ ಅವಳೇ ಹೋಗಿ ಮಾತಾಡಿಬಂದಳು. ಕಟ್ಟು ಬಿಟ್ಟು ಒಂದು ತಿಂಗಳಿಗೆ ಪೊಟ್ಯಾಸಿಯಂ ಇಳಿಯಿತು. ಹಳೆಯ ಮಾತ್ರೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರುವಾಯಿತು. ಪಾದ ಇಳಿಯಲು ಇನ್ನಷ್ಟು ದಿನ ಹಿಡಿಯಿತು. ನನ್ನನ್ನು ಅವಳು ಒಂದು ಮಾತೂ ಅನ್ನಲಿಲ್ಲ. ಪುಸ್ತಕವನ್ನು ಬೇರೆಯವರಿಗೆ ತೋರಿಸುವ ಮಾತನ್ನೂ ಮತ್ತೆ ಎತ್ತಲಿಲ್ಲ.

ಬಸ್ಸಾರಿಗೂ ಅವಳೊಂದು ದಾರಿ ಹುಡುಕಿದಳು. ಮೊದಲ ನೀರು ಚೆಲ್ಲಿ, ಖಾರವನ್ನು ಬೇರೆ ಬಿಸಿನೀರಿನಲ್ಲಿ ಕದಡಿ, ಬೆಂದ ಸೊಪ್ಪು ಒಂದು ಚಮಚ ಹಾಕಿ ಕುದಿಸುವುದು. ಹದಿನೈದು ದಿನಕ್ಕೊಮ್ಮೆ, ನಿಂಬೆಹಣ್ಣಿಗಿಂತ ತುಸು ದೊಡ್ಡ ಮುದ್ದೆಯ ಜೊತೆ. ಅತ್ತೆ ಮೊದಲ ತುತ್ತು ಅದ್ದಿ ನುಂಗಿ, "ಇದು ಬಸ್ಸಾರಲ್ಲ, ಬಸ್ಸಾರಿನ ಫೋಟೋ" ಎಂದರು. ಆದರೂ ಉಂಡರು.

ಪುಸ್ತಕ ಈಗ ಅವರ ಕೈಯಲ್ಲಿದೆ. ನಾಲ್ಕನೆಯ ಕ್ಲಾಸಿನವರೆಗೆ ಓದಿದವರು, ಅಕ್ಷರ ಗೆರೆಯ ಮೇಲೆ ನಿಲ್ಲುವುದಿಲ್ಲ. ಮೊನ್ನೆ ಮೇಜು ಒರೆಸುವಾಗ ಪುಟ ತೆರೆದಿತ್ತು. ಮಂಗಳವಾರದ ಕೆಳಗೆ ಪೆನ್ಸಿಲಿನಲ್ಲಿ ಒತ್ತಿ ಬರೆದಿದ್ದರು: "ಕಟ್ಟು ಅರ್ದ ಲೋಟ. ಸೊಸೆ ನೋಡಿಲ್ಲ."

ನಾನು ಪುಸ್ತಕ ಮುಚ್ಚಿ ಅಲ್ಲೇ ಇಟ್ಟೆ. ಬರುವ ಸೋಮವಾರ ನಮ್ಮ ಸರದಿ, ಹನ್ನೊಂದು ಗಂಟೆಗೆ.