ಹೋಗ್ಲಿ ಬಿಡು ಅನ್ನೋದು ದೊಡ್ಡ ಮನಸ್ಸಾ?

ಬೆಂಗಳೂರಲ್ಲಿ ನಾಲ್ಕು ಸಲ ಬಾಡಿಗೆ ಮನೆ ಬದಲಾಯಿಸಿದ ಯಾರನ್ನಾದರೂ ಕೇಳಿ. ಮನೆ ಹುಡುಕಿದ ಕಥೆಗಿಂತ ಅಡ್ವಾನ್ಸ್ ವಾಪಸ್ ಕೇಳಿದ ಕಥೆಯೇ ಉದ್ದ ಇರುತ್ತೆ. ಬಹಳಷ್ಟು ಕಥೆಗಳ ಕೊನೆ ಮಾತ್ರ ಒಂದೇ: "ಏನ್ ಮಾಡೋದು ಗುರು, ಹೋಗ್ಲಿ ಬಿಡು ಅಂತ ಬಿಟ್ಟೆ." ಈ ಮಾತು ಹೇಳುವಾಗ ನಮ್ಮ ಮುಖದಲ್ಲಿ ಸೋತ ಕಳೆ ಇರೋದಿಲ್ಲ. ಏನೋ ದೊಡ್ಡ ಮನಸ್ಸು ಮಾಡಿದ ಗತ್ತು ಇರುತ್ತೆ. ನನ್ನನ್ನು ಕಾಡೋದು ಆ ಗತ್ತೇ. ನ್ಯಾಯವಾಗಿ ಬರಬೇಕಾದ ದುಡ್ಡನ್ನು ಬಿಟ್ಟುಬಿಡುವುದು ನಿಜಕ್ಕೂ ಔದಾರ್ಯವಾ?

ಮೊದಲು ಅಡ್ವಾನ್ಸ್ ಅಂದರೆ ಏನು ಅಂತ ನೋಡೋಣ. ಬೆಂಗಳೂರಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಇಡುವ ವಾಡಿಕೆ ಬಹಳ ಕಾಲ ನಡೆಯಿತು, ಈಗ ಎಷ್ಟೋ ಕಡೆ ಐದಾರು ತಿಂಗಳಿಗೆ ಇಳಿದಿದೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಮೀರಬಾರದು ಅನ್ನುತ್ತೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ಕಾನೂನು ಮಾಡಿಕೊಂಡರಷ್ಟೇ ಅದಕ್ಕೆ ಬಲ. ನಮ್ಮ 1999ರ ಬಾಡಿಗೆ ಕಾಯ್ದೆಯೋ, ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ಹೊರಗಿಟ್ಟೇ ಬರೆದದ್ದು. ಆ ಬಾಡಿಗೆಗೆ ಇವತ್ತು ಬೆಂಗಳೂರಲ್ಲಿ ಬೈಕ್ ನಿಲ್ಲಿಸೋ ಜಾಗ ಸಿಕ್ಕರೆ ಪುಣ್ಯ. ಕೊನೆಗೆ ನಮ್ಮ ಕೈಯಲ್ಲಿ ಉಳಿಯೋದು ಹನ್ನೊಂದು ತಿಂಗಳ ಅಗ್ರಿಮೆಂಟು, ಅದರ ಹಿಂದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಆ ಹಳೇ ಕಾಯ್ದೆ ಹೇಳುವುದು ಸರಳವಾದ ಮಾತು: ಮನೆಯನ್ನು ಹೇಗೆ ತಗೊಂಡಿರೋ ಹಾಗೇ ವಾಪಸ್ ಕೊಡಿ, ಬಳಸಿದ್ದರಿಂದ ಸಹಜವಾಗಿ ಆಗುವ ಸವೆತ ಬಿಟ್ಟು.

ಅಂದರೆ ಅಡ್ವಾನ್ಸ್ ಓನರ್‌ಗೆ ಕೊಟ್ಟ ದುಡ್ಡಲ್ಲ, ಅವರ ಹತ್ತಿರ ಇಟ್ಟ ದುಡ್ಡು. ಕೊಡೋದಕ್ಕೂ ಇಡೋದಕ್ಕೂ ಇರುವ ಈ ವ್ಯತ್ಯಾಸ ಮೂರು ವರ್ಷ ಕಳೆಯುವಷ್ಟರಲ್ಲಿ ಇಬ್ಬರಿಗೂ ಮಸುಕಾಗುತ್ತೆ.

ನನ್ನದೇ ಲೆಕ್ಕ ಹೇಳ್ತೀನಿ. ಬಾಡಿಗೆ 18,000, ಅಡ್ವಾನ್ಸ್ ಒಂದೂವರೆ ಲಕ್ಷ. ಶೇಕಡ 6ರ ಬಡ್ಡಿ ಅಂದ್ಕೊಂಡರೂ ಮೂರು ವರ್ಷಕ್ಕೆ 27,000 ರೂಪಾಯಿ ಆ ದುಡ್ಡಿನಿಂದಲೇ ಹುಟ್ಟುತ್ತೆ. ಅದನ್ನು ಯಾರೂ ಕೇಳೋದಿಲ್ಲ, ನಾನೂ ಕೇಳಲಿಲ್ಲ. ಬೀಗದ ಕೈ ಕೊಟ್ಟ ಮೇಲೆ ಓನರ್ 96,000 ಹಾಕಿದರು. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದಿದ್ದರು. ಅದು ಅಗ್ರಿಮೆಂಟಲ್ಲೇ ಇತ್ತು, ಓದಿಯೇ ಸಹಿ ಹಾಕಿದ್ದೆ, ತಕರಾರಿಲ್ಲ. ಉಳಿದ 36,000ಕ್ಕೆ "ಅಡುಗೆಮನೆ, ಬಾತ್‌ರೂಮ್ ಕೆಲಸ ಇದೆ ಸಾರ್" ಅಂದರು. ಪ್ಯಾಕರ್ಸ್‌ನವರು ಒಡೆದ ಒಂದು ಕಿಟಕಿ ಗಾಜು ಇತ್ತು, ಅದು 2,500. ಅದನ್ನು ಕೊಡಬೇಕಾದ್ದು ನಾನೇ. ಆದರೆ ಹಳೇ ಗೀಸರ್‌ಗೆ ವಯಸ್ಸಾಗಿದ್ದಕ್ಕೆ, ಸಿಂಕ್ ಕೆಳಗಿನ ಹಲಗೆ ತೇವಕ್ಕೆ ಉಬ್ಬಿದ್ದಕ್ಕೆ ನಾನ್ಯಾಕೆ ದುಡ್ಡು ಕೊಡಲಿ?

ಊರಿಗೆ ಫೋನ್ ಮಾಡಿದಾಗ ಅಪ್ಪ ಹೇಳಿದ್ದು ಅದೇ ಮಾತು: "ಹೋಗ್ಲಿ ಬಿಡು ಮಗ. ಅವರ ದುಡ್ಡು ಅವರಿಗೇ ಇರ್ಲಿ, ನಮಗೆ ದೇವರು ಕೊಟ್ಟಿದಾನೆ."

ಅಪ್ಪನ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ತಿಪಟೂರು ಕಡೆಯ ನಮ್ಮೂರಲ್ಲಿ ಆ ಮಾತಿಗೆ ನಿಜವಾದ ಬೆಲೆ ಇದೆ. ಪಕ್ಕದ ತೋಟದವನು ಕೈಸಾಲದಲ್ಲಿ ಐನೂರು ಉಳಿಸಿಕೊಂಡ, ಅಪ್ಪ ಬಿಟ್ಟರು ಅಂದ್ಕೊಳ್ಳಿ. ಊರಿಗೆಲ್ಲ ಗೊತ್ತಿರುತ್ತೆ. ಮದುವೆ ಮನೆಯಲ್ಲಿ, ಅರಳಿಕಟ್ಟೆ ಮೇಲೆ ಅವನು ದಿನಾ ಅಪ್ಪನ ಮುಖ ನೋಡಬೇಕು. ಮುಂದಿನ ಸಲ ಅವನಿಗೆ ಸಾಲ ಹುಟ್ಟಲ್ಲ. ಇಲ್ಲವೇ, ನಮ್ಮ ಮೋಟರ್ ಕೆಟ್ಟ ದಿನ ಅವನೇ ತನ್ನ ಬೋರಿಂದ ನೀರು ಬಿಡುತ್ತಾನೆ. ಬಿಟ್ಟ ದುಡ್ಡು ಎಲ್ಲೂ ಹೋಗಿರೋದಿಲ್ಲ, ಊರಿನ ನೆನಪಿನಲ್ಲಿ ಜಮೆ ಆಗಿರುತ್ತೆ.

ಬೆಂಗಳೂರಿಗೆ ಆ ನೆನಪಿಲ್ಲ. ನಾನು ಬಿಟ್ಟದ್ದು ನನಗೆ ಮತ್ತು ಓನರ್‌ಗೆ ಮಾತ್ರ ಗೊತ್ತು, ನಾವಿಬ್ಬರೂ ಮತ್ತೆ ಭೇಟಿಯಾಗೋದಿಲ್ಲ. ಅವರು ಇದರಿಂದ ಕಲಿಯುವುದು ಒಂದೇ ಪಾಠ: ಹಿಡಿದುಕೊಂಡರೆ ಹುಡುಗರು ಬಿಟ್ಟು ಹೋಗ್ತಾರೆ. ಆ ಪಾಠದ ಫೀಸು ಕಟ್ಟೋದು ನನ್ನ ನಂತರ ಆ ಮನೆಗೆ ಬರುವವರು. ಅವರು ನನ್ನ ಹಾಗೆ ಐಟಿ ಸಂಬಳದವರೇ ಆಗಿರಬೇಕಿಲ್ಲ. ಹಾಸನದಿಂದಲೋ ಸಿಂಧನೂರಿಂದಲೋ ಬಂದು, ಮನೆಯವರು ಕೂಡಿಸಿ ಕೊಟ್ಟ ದುಡ್ಡನ್ನು ಅಡ್ವಾನ್ಸ್ ಇಟ್ಟ ನರ್ಸ್ ಆಗಿರಬಹುದು. ಅವರ ಪರವಾಗಿ ಔದಾರ್ಯ ಮಾಡೋದಕ್ಕೆ ನಾನ್ಯಾರು?

ಇನ್ನೊಂದು ವಿಷಯ. ಕೇಳುವ ಧೈರ್ಯ ಇದ್ದೂ ಬಿಟ್ಟರೆ ಅದು ಕ್ಷಮೆ. ಕೇಳೋದಕ್ಕೇ ಮುಜುಗರಪಟ್ಟು ಬಿಟ್ಟರೆ ಅದು ಕ್ಷಮೆಯ ಅಂಗಿ ಹಾಕಿಕೊಂಡ ಅಂಜಿಕೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಹಾಗಂತ ಓನರ್ ಅಂದರೆ ರಾಕ್ಷಸರು ಅಂತಲ್ಲ. ರಿಟೈರ್ ಆದವರಿರುತ್ತಾರೆ, ಬಾಡಿಗೆಯಲ್ಲೇ ಔಷಧಿ ಕೊಳ್ಳುವವರಿರುತ್ತಾರೆ. ಎಷ್ಟೋ ಮನೆಗಳಲ್ಲಿ ಅಡ್ವಾನ್ಸ್ ಯಾವಾಗಲೋ ಮಗಳ ಮದುವೆಗೆ ಖರ್ಚಾಗಿರುತ್ತೆ. ಹೊಸಬರ ಅಡ್ವಾನ್ಸ್ ಬಂದರೇನೇ ಹಳಬರಿಗೆ ವಾಪಸ್. "ಬೇರೆಯವರು ಬರಲಿ, ಕೊಡ್ತೀನಿ" ಅನ್ನೋ ಮಾತು ಎಲ್ಲ ಸಲವೂ ಸುಳ್ಳಲ್ಲ. ಅಂಥವರಿಗೆ ಟೈಮ್ ಕೊಡಬಹುದು, ಕೊಡಬೇಕು ಕೂಡ. ಆದರೆ ಗಡುವು ಕೊಡೋದು ಬೇರೆ, ಹಕ್ಕು ಬಿಡೋದು ಬೇರೆ. ಕರುಣೆಗೆ ಮೊದಲನೆಯದು ಸಾಕು.

ಆಫೀಸಿನ ಗೆಳೆಯರ ಉಪಾಯ ಬೇರೆ: "ಕೊನೇ ನಾಲ್ಕು ತಿಂಗಳು ಬಾಡಿಗೆ ಕಟ್ಟಲೇಬೇಡ, ಅಡ್ವಾನ್ಸಲ್ಲೇ ಮುರ್ಕೊಳ್ಳಲಿ." ಕೇಳೋಕೆ ಚೆನ್ನಾಗಿದೆ, ಕೆಲಸವೂ ಆಗುತ್ತೆ. ಆದರೆ ಮೋಸ ಆಗುವ ಮುಂಚೆಯೇ ಕೊಡುವ ಶಿಕ್ಷೆ ಅದು. ಕರೆಂಟ್ ಬಿಲ್ ಬಾಕಿ, ಒಡೆದ ಬಾಗಿಲು ಬಿಟ್ಟು ಹೋಗುವ ಬಾಡಿಗೆದಾರರೂ ಇದ್ದಾರೆ, ಅಡ್ವಾನ್ಸ್ ಹುಟ್ಟಿದ್ದೇ ಅದಕ್ಕೆ. ಹಾಗಾಗಿ ಓನರ್ ಒಪ್ಪಿದರೆ ಮುರಿಸಿಕೊಳ್ಳಿ, ಅದನ್ನು ವಾಟ್ಸ್ಯಾಪಲ್ಲಾದರೂ ಬರೆಸಿಕೊಳ್ಳಿ. ಒಪ್ಪದಿದ್ದರೆ ನಾವೇ ಮೊದಲು ಮಾತು ಮುರಿದವರಾಗೋದು ಬೇಡ.

ನಾನು ಮಾಡಿದ್ದು ಇಷ್ಟೇ. ಮನೆಗೆ ಬಂದ ದಿನ ತೆಗೆದ ಫೋಟೋ, ಬಿಟ್ಟ ದಿನದ ಫೋಟೋ, ಲೆಕ್ಕದ ಪಟ್ಟಿ, ಎಲ್ಲ ಸೇರಿಸಿ ಮರ್ಯಾದೆಯಿಂದ ಒಂದು ಕಾಗದ ಬರೆದೆ: ಕೆಲಸದ ಬಿಲ್ ತೋರಿಸಿ, ಗಾಜಿನದು ಹಿಡ್ಕೊಳ್ಳಿ, ಉಳಿದದ್ದು ಹದಿನೈದು ದಿನದಲ್ಲಿ ಕೊಡಿ. ಉತ್ತರ ಬರಲಿಲ್ಲ. ವಕೀಲರಿಂದ ನೋಟಿಸ್ ಕಳಿಸಿದೆ. ಎರಡು ಕಂತಲ್ಲಿ 25,000 ಬಂತು. ಬಿಲ್ ಮಾತ್ರ ಬರಲೇ ಇಲ್ಲ.

ಇನ್ನೂ 8,500 ಬಾಕಿ. ಇಂಥ ಬಾಕಿಗೆ ಮೂರು ವರ್ಷದೊಳಗೆ ದಾವೆ ಹಾಕಬಹುದು. ಹಾಕಲಿಲ್ಲ. ಕೋರ್ಟಿಗೆ ಹೋಗಿ ಬರೋ ರಜಾದ ಲೆಕ್ಕವೇ ಅದಕ್ಕಿಂತ ಜಾಸ್ತಿ. ಓನರ್‌ಗೆ ಫೋನ್ ಮಾಡಿ ಅದನ್ನೇ ಹೇಳಿದೆ: "ಅಂಕಲ್, ಇದು ನನಗೆ ಬರಬೇಕಾದ ದುಡ್ಡೇ. ನ್ಯಾಯ ನಿಮ್ಮ ಕಡೆ ಇದೆ ಅಂತ ಬಿಡ್ತಿಲ್ಲ, ಓಡಾಡೋಕೆ ಟೈಮ್ ಇಲ್ಲ ಅಂತ ಬಿಡ್ತಿದೀನಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಆಯ್ತಪ್ಪ" ಅಂದರು.

ಅದನ್ನು ಔದಾರ್ಯ ಅಂತ ಕರೆಯೋಕೆ ನನಗೆ ಮನಸ್ಸಿಲ್ಲ. ಅದು ಖರ್ಚು, ಖರ್ಚಿನ ಪಟ್ಟಿಯಲ್ಲೇ ಬರೆದಿಟ್ಟಿದ್ದೀನಿ. ನೀವು ಬಿಡುವುದಾದರೂ ಸರಿ, ಸುಮ್ಮನೆ ಬಿಡಬೇಡಿ. ಎಷ್ಟು, ಯಾಕೆ ಅಂತ ಎದುರಿನವರಿಗೆ ಗೊತ್ತಾಗುವ ಹಾಗೆ ಬಿಡಿ. ಆಮೇಲೆ ಆ ಮನೆ ನೋಡೋಕೆ ಬಂದ ಯಾರಾದರೂ "ಓನರ್ ಹೇಗೆ ಸಾರ್?" ಅಂತ ಕೇಳಿದರೆ ಚಾಡಿ ಹೇಳಬೇಡಿ, ಲೆಕ್ಕ ಹೇಳಿ.