ಹಳೆಯ ತಂತ್ರಾಂಶವೂ ಪ್ರಮಾದದೋಷವೂ

ನೀರನ್ನು ಸೋಸಿ ಬಳಸುವುದು ಜೈನ ಗೃಹಸ್ಥರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಆಚಾರ. ಸೋಸುವ ಬಟ್ಟೆ ದಿನಗಳೆದಂತೆ ಸವೆಯುತ್ತದೆ, ಎಳೆಗಳು ಸಡಿಲವಾಗುತ್ತವೆ. ಆದರೂ ಅದು ಕೊಡದ ಬಾಯಿಗೆ ಮೊದಲಿನಂತೆಯೇ ಕುಳಿತುಕೊಳ್ಳುತ್ತದೆ, ನೀರೂ ಮೊದಲಿನಂತೆಯೇ ಇಳಿಯುತ್ತದೆ. ನೋಡುವವರ ಕಣ್ಣಿಗೆ ಆಚಾರ ನಡೆದಿದೆ. ಅದರ ಉದ್ದೇಶ ಮಾತ್ರ ನೆರವೇರಿಲ್ಲ. ಬಟ್ಟೆಯನ್ನು ಆಗಾಗ ಬೆಳಕಿಗೆ ಹಿಡಿದು ಪರೀಕ್ಷಿಸುವವರಿಗಷ್ಟೇ ಈ ವ್ಯತ್ಯಾಸ ತಿಳಿಯುತ್ತದೆ.

ಇಂದು ಕಚೇರಿ, ಅಂಗಡಿ, ವಿದ್ಯಾರ್ಥಿನಿಲಯಗಳಲ್ಲಿಯೂ ಬಸದಿಗಳ ಆಡಳಿತ ಕೊಠಡಿಗಳಲ್ಲಿಯೂ ಇರುವ ಗಣಕಯಂತ್ರಗಳ ವಿಷಯದಲ್ಲಿ ಇದೇ ಪ್ರಶ್ನೆ ಏಳುತ್ತದೆ. ಗಣಕಯಂತ್ರವನ್ನು ನಡೆಸುವ ತಂತ್ರಾಂಶಕ್ಕೆ ಅದರ ತಯಾರಕರು ಒಂದು ಅವಧಿಯವರೆಗೆ ಮಾತ್ರ ಬೆಂಬಲ ನೀಡುತ್ತಾರೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ರಂದು ಮುಗಿಯಿತು. ವಿಂಡೋಸ್ 7ರದು 2020ರ ಜನವರಿ 14ರಂದು. ವಿಂಡೋಸ್ 10ರದು 2025ರ ಅಕ್ಟೋಬರ್ 14ರಂದು. ಈ ಕೊನೆಯದಕ್ಕೆ ಭದ್ರತೆಯ ದುರಸ್ತಿಗಳನ್ನಷ್ಟೇ ಕೆಲಕಾಲ ಮುಂದುವರಿಸುವ ಪ್ರತ್ಯೇಕ ಯೋಜನೆಯಿದ್ದರೂ ಅದು ಹೆಸರು ನೋಂದಾಯಿಸಿದವರಿಗೆ ಮಾತ್ರ ದೊರೆಯುತ್ತದೆ.

ಅವಧಿ ಮುಗಿದ ಮರುದಿನ ಯಂತ್ರವೇನೂ ನಿಂತುಹೋಗುವುದಿಲ್ಲ. ಎಂದಿನಂತೆ ತೆರೆದುಕೊಳ್ಳುತ್ತದೆ, ಲೆಕ್ಕ ಬರೆಯುತ್ತದೆ, ರಸೀದಿ ಮುದ್ರಿಸುತ್ತದೆ. ನಿಂತುಹೋಗುವುದು ಕಣ್ಣಿಗೆ ಕಾಣದ ಒಂದು ಸೇವೆ. ತಂತ್ರಾಂಶದಲ್ಲಿ ಹೊಸದಾಗಿ ಕಂಡುಬರುವ ದೋಷಗಳನ್ನು ಸರಿಪಡಿಸುವವರು ಇನ್ನಿಲ್ಲ. ಅಷ್ಟೇ ಅಲ್ಲದೆ, ಹೊಸ ಆವೃತ್ತಿಗೆ ಪ್ರಕಟವಾಗುವ ದುರಸ್ತಿಯನ್ನು ಕೂಲಂಕಷವಾಗಿ ನೋಡಿದ ವಂಚಕನಿಗೆ, ಹಳೆಯ ಆವೃತ್ತಿಯಲ್ಲಿ ಅದೇ ದೋಷ ಎಲ್ಲಿ ಉಳಿದಿರಬಹುದೆಂಬ ಸುಳಿವೂ ಸಿಗುತ್ತದೆ. ಕಾವಲುಗಾರ ಹೊರಟುಹೋಗಿದ್ದಾನೆ, ಬಾಗಿಲು ಮಾತ್ರ ಮುಚ್ಚಿದಂತೆ ತೋರುತ್ತಿದೆ.

ಹಾಗಿದ್ದರೆ ನಡೆಯುತ್ತಿರುವುದನ್ನು ನಡೆಯಲು ಬಿಟ್ಟು ಸುಮ್ಮನಿರುವವನು ತಪ್ಪಿತಸ್ಥನೇ? ಅವನು ಯಾರಿಗೂ ಕೇಡು ಬಯಸಿಲ್ಲ, ಏನನ್ನೂ ಮಾಡಿಲ್ಲ. ಏನನ್ನೂ ಮಾಡದಿರುವುದು ಪಾಪವಾದೀತೇ?

2017ರ ಮೇ 12ರಂದು ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನ ಅನೇಕ ದೇಶಗಳ ಗಣಕಯಂತ್ರಗಳನ್ನು ಹೊಕ್ಕು, ಕಡತಗಳಿಗೆ ಬೀಗ ಜಡಿದು, ಬಿಡುಗಡೆಗೆ ಹಣ ಕೇಳಿತು. ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆ ಅದರಿಂದ ತತ್ತರಿಸಿತು. ಇಂಗ್ಲೆಂಡಿನ ಆಸ್ಪತ್ರೆ ಆಡಳಿತ ಘಟಕಗಳಲ್ಲಿ ಕನಿಷ್ಠ ಮೂರನೆಯ ಒಂದು ಭಾಗಕ್ಕೆ ತೊಂದರೆಯಾಯಿತು. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ವರದಿಯಂತೆ, ರದ್ದಾದವೆಂದು ಗುರುತಿಸಲಾದ ರೋಗಿಗಳ ಭೇಟಿಗಳೇ 6,912. ಒಟ್ಟು 19,000ಕ್ಕೂ ಹೆಚ್ಚೆಂದು ಅಂದಾಜು. ಆ ದೋಷಕ್ಕೆ ದುರಸ್ತಿ ಅದೇ ವರ್ಷದ ಮಾರ್ಚ್ 14ರಂದೇ ಬಂದಿತ್ತು. ಎಕ್ಸ್‌ಪಿಯಂತಹ ಹಳೆಯ ತಂತ್ರಾಂಶವನ್ನು ಬಿಡಲು ಯೋಜನೆ ಮಾಡಿಕೊಳ್ಳಿರೆಂದು 2014ರಲ್ಲಿಯೇ ಸರ್ಕಾರ ಪತ್ರ ಬರೆದಿತ್ತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಆ ಆಸ್ಪತ್ರೆಗಳಲ್ಲಿ ಸೋಂಕು ತಗುಲಿದ ಯಂತ್ರಗಳಲ್ಲಿ ಹೆಚ್ಚಿನವು ಅವಧಿ ಮುಗಿದವುಗಳಲ್ಲ. ಆಗ ಇನ್ನೂ ಬೆಂಬಲವಿದ್ದ ವಿಂಡೋಸ್ 7ನ್ನೇ ಅವು ಹೊಂದಿದ್ದವು. ಬಂದಿದ್ದ ದುರಸ್ತಿಯನ್ನು ಅವುಗಳಿಗೆ ಅಳವಡಿಸಿರಲಿಲ್ಲ, ಅಷ್ಟೇ. ದೋಷವಿದ್ದದ್ದು ವಸ್ತುವಿನ ಹಳೆಯತನದಲ್ಲಿ ಮಾತ್ರವಲ್ಲ, ಅದನ್ನು ನೋಡಿಕೊಳ್ಳಬೇಕಾದವರ ಅಲಕ್ಷ್ಯದಲ್ಲಿ. ಹೊಸದನ್ನು ಕೊಂಡ ಮಾತ್ರಕ್ಕೆ ಕರ್ತವ್ಯ ಮುಗಿಯಿತೆಂದು ಭಾವಿಸುವವರಿಗೂ ಇದು ಪಾಠ.

ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಮಾದಕ್ಕೆ ಪ್ರಧಾನ ಸ್ಥಾನ ನೀಡಿದೆ. ಕೇಡಿನ ಉದ್ದೇಶವಿರಲಿಲ್ಲ ಎಂಬ ಸಮಾಧಾನವನ್ನು ಅದು ಸುಲಭವಾಗಿ ಒಪ್ಪುವುದಿಲ್ಲ. ತಿಳಿಯಬಹುದಾಗಿದ್ದುದನ್ನು ತಿಳಿಯದೆ, ತಡೆಯಬಹುದಾಗಿದ್ದುದನ್ನು ತಡೆಯದೆ ಇದ್ದದ್ದು ಏಕೆ ಎಂದು ಪ್ರಶ್ನಿಸುತ್ತದೆ. ಗಣಕಯಂತ್ರದಲ್ಲಿರುವುದು ಸಂಸ್ಥೆಯ ಸ್ವಂತ ಸೊತ್ತಲ್ಲ. ದಾನಿಗಳ ಹೆಸರು, ವಿಳಾಸ, ಬ್ಯಾಂಕಿನ ವಿವರ, ವಿದ್ಯಾರ್ಥಿಗಳ ದಾಖಲೆ, ನೌಕರರ ವೇತನದ ಲೆಕ್ಕ. ಇವೆಲ್ಲ ನಂಬಿಕೆಯಿಂದ ಒಪ್ಪಿಸಿದ ನಿಕ್ಷೇಪಗಳು. ತನ್ನ ಮನೆಯ ಬಾಗಿಲನ್ನು ತೆರೆದಿಟ್ಟು ಮಲಗುವವನು ತನ್ನ ಸೊತ್ತನ್ನು ಪಣಕ್ಕಿಡುತ್ತಾನೆ. ಭಂಡಾರದ ಬಾಗಿಲನ್ನು ತೆರೆದಿಟ್ಟು ಮಲಗುವವನು ಪರರ ಸೊತ್ತನ್ನು ಪಣಕ್ಕಿಡುತ್ತಾನೆ.

ಇನ್ನು ಹೊಣೆ ಯಾರದು? ಅವಘಡ ಸಂಭವಿಸಿದಾಗ ಎಲ್ಲರ ಬೆರಳೂ ಗುಮಾಸ್ತನತ್ತ ತಿರುಗುತ್ತದೆ. ಆದರೆ ಕರ್ಮದ ವಿಚಾರದಲ್ಲಿ ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯುಂಟು: ಮಾಡಿದ್ದು, ಮಾಡಿಸಿದ್ದು, ಒಪ್ಪಿಗೆ ಕೊಟ್ಟದ್ದು. ಯಂತ್ರದ ಅವಧಿ ಮುಗಿಯುತ್ತಿದೆಯೆಂದು ಗುಮಾಸ್ತ ಬರೆದುಕೊಟ್ಟ ಚೀಟಿಯನ್ನು ವ್ಯವಸ್ಥಾಪಕನು ಕಡತದಲ್ಲಿಟ್ಟರೆ, ಈ ವರ್ಷ ಹಣವಿಲ್ಲವೆಂದು ಧರ್ಮದರ್ಶಿಗಳು ಚರ್ಚೆಯಿಲ್ಲದೆ ಮುಂದೂಡಿದರೆ, ಆ ಪ್ರಮಾದದಲ್ಲಿ ಅವರಿಗೂ ಪಾಲಿದೆ. ಮೌನವೂ ಅನೇಕ ಸಲ ಅನುಮೋದನೆಯೇ.

ಎದುರು ಪಕ್ಷದ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಅಪರಿಗ್ರಹವನ್ನು ಬೋಧಿಸುವ ಧರ್ಮ ಚೆನ್ನಾಗಿರುವ ವಸ್ತುವನ್ನು ಬಿಸಾಡೆಂದು ಹೇಳುವುದೇ? ವಿಂಡೋಸ್ 11 ಬೇಡುವ ಭದ್ರತಾ ಬಿಲ್ಲೆ ಇಲ್ಲವೆಂಬ ಕಾರಣಕ್ಕೆ ಎಷ್ಟೋ ಸುಸ್ಥಿತಿಯ ಯಂತ್ರಗಳು ಅದಕ್ಕೆ ಅನರ್ಹವಾಗಿವೆ. ಅವುಗಳನ್ನೆಲ್ಲ ಗುಜರಿಗೆ ಹಾಕಿದರೆ ಅವುಗಳಲ್ಲಿನ ಸೀಸವೇ ಮೊದಲಾದ ವಿಷವಸ್ತುಗಳು ಮಣ್ಣನ್ನೂ ನೀರನ್ನೂ ಸೇರಬಲ್ಲವು, ಅದೂ ಜೀವಹಿಂಸೆಯೇ. ತಯಾರಕರು ಗೊತ್ತುಮಾಡುವ ದಿನಾಂಕ ಪ್ರಕೃತಿನಿಯಮವೂ ಅಲ್ಲ. ವಾನಾಕ್ರೈ ಹಾವಳಿಯ ಸಮಯದಲ್ಲಿ, ಅವಧಿ ಮುಗಿದು ಮೂರು ವರ್ಷ ಕಳೆದಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ದುರಸ್ತಿಯೊಂದನ್ನು ಉಚಿತವಾಗಿ ಬಿಡುಗಡೆ ಮಾಡಿತು. ಅಂತಿಮ ದಿನವೆಂಬುದು ಮನುಷ್ಯರ ನಿರ್ಧಾರ; ಅದನ್ನು ನಿರ್ಧರಿಸುವವರಿಗೂ ಧರ್ಮಪ್ರಜ್ಞೆ ಬೇಕೆಂಬುದು ಇದರಿಂದ ಸ್ಪಷ್ಟ.

ಅವಸರವೂ ಪ್ರಮಾದದ ಇನ್ನೊಂದು ಮುಖವೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ದೋಷಪೂರ್ಣ ಪರಿಷ್ಕರಣೆಯೊಂದರಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಗಣಕಯಂತ್ರಗಳು ಒಮ್ಮೆಲೇ ಸ್ತಬ್ಧವಾದವು. ಭಾರತದ ಕೆಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಡಬೇಕಾಯಿತು. ರಕ್ಷಣೆಗೆಂದೇ ಬಂದದ್ದು, ಪರೀಕ್ಷೆಯಲ್ಲಿ ನುಸುಳಿದ ತಪ್ಪಿನಿಂದ ತಾನೇ ವಿಪತ್ತಾಯಿತು.

ಹಳೆಯದನ್ನು ಬಿಗಿಹಿಡಿಯುವುದೂ ಮೋಹ; ಹೊಸದರ ಹಿಂದೆ ಓಡುವುದೂ ಮೋಹ. ಇವೆರಡರ ನಡುವೆ ಬೇಕಾದುದು ವಿವೇಕ. ಮುನಿಗಳ ಐದು ಸಮಿತಿಗಳಲ್ಲಿ ಆದಾನನಿಕ್ಷೇಪಣ ಸಮಿತಿ ಒಂದು: ವಸ್ತುವನ್ನು ತೆಗೆದುಕೊಳ್ಳುವಾಗಲೂ ಇಡುವಾಗಲೂ ನೋಡಿ, ಜೀವಿಗಳಿಗೆ ನೋವಾಗದಂತೆ ನಡೆದುಕೊಳ್ಳುವ ಎಚ್ಚರ. ಗೃಹಸ್ಥನ ಕಚೇರಿಯಲ್ಲಿಯೂ ಆ ಎಚ್ಚರದ ಒಂದು ಅಂಶ ಸಾಧ್ಯ. ಇರುವ ಯಂತ್ರಗಳನ್ನೂ ತಂತ್ರಾಂಶಗಳನ್ನೂ ಅವುಗಳ ಅಂತಿಮ ದಿನಾಂಕಗಳನ್ನೂ ಒಂದು ವಹಿಯಲ್ಲಿ ಬರೆದಿಡಬಹುದು. ಆ ದಿನಾಂಕಗಳು ವರ್ಷಗಳ ಮೊದಲೇ ಪ್ರಕಟವಾಗುವುದರಿಂದ ಪ್ರತಿವರ್ಷದ ಆಯವ್ಯಯದಲ್ಲಿ ಸ್ವಲ್ಪ ಹಣ ತೆಗೆದಿರಿಸಬಹುದು. ದಾಖಲೆಗಳ ಪ್ರತಿಯೊಂದನ್ನು ಬೇರೆಡೆ ಇಟ್ಟು, ಅಗತ್ಯ ಬಿದ್ದಾಗ ಅದು ತೆರೆದುಕೊಳ್ಳುವುದೇ ಎಂದು ಮುಂಚಿತವಾಗಿಯೇ ಪರೀಕ್ಷಿಸಬೇಕು. ಪರಿಷ್ಕರಣೆಯನ್ನು ಮೊದಲು ಒಂದು ಯಂತ್ರಕ್ಕೆ ಅಳವಡಿಸಿ, ಲೆಕ್ಕದ ತಂತ್ರಾಂಶ ಸರಿಯಾಗಿ ನಡೆಯುವುದೆಂದು ಕಂಡ ಬಳಿಕ, ಹೆಚ್ಚು ತಡಮಾಡದೆ ಉಳಿದವುಗಳಿಗೆ ಅಳವಡಿಸುವುದು ಕ್ಷೇಮ. ಹಳೆಯ ಯಂತ್ರವನ್ನು ಬಿಡಲಾಗದಿದ್ದರೆ ಅಂತರಜಾಲದಿಂದಲೂ ಇತರ ಯಂತ್ರಗಳಿಂದಲೂ ಬೇರ್ಪಡಿಸಿ ಒಂದೇ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಇಲ್ಲವೇ ಲಿನಕ್ಸ್‌ನಂತಹ ಮುಕ್ತ ತಂತ್ರಾಂಶವನ್ನು ಹಾಕಿ ಅದರ ಆಯುಷ್ಯವನ್ನು ಹೆಚ್ಚಿಸಬಹುದು. ಹೊಸ ಪದ್ಧತಿಯನ್ನು ಕಲಿಯಲು ಹಿರಿಯ ನೌಕರನಿಗೆ ಸಮಯ ಕೊಡುವುದೂ, ಕಲಿಯುವಾಗ ಅವನನ್ನು ಹಗುರಾಗಿ ಕಾಣದಿರುವುದೂ ಅಹಿಂಸೆಯೇ.

ಇವುಗಳಲ್ಲಿ ಯಾವುದೂ ಮಹಾವ್ರತವಲ್ಲ. ಧರ್ಮದರ್ಶಿಗಳ ಸಭೆಯಲ್ಲಿ ವರ್ಷಕ್ಕೊಮ್ಮೆ ಅರ್ಧ ಗಂಟೆ ಇದಕ್ಕೆ ಮೀಸಲಾದರೂ ಸಾಕು. ಸೋಸುವ ಬಟ್ಟೆ ಎಂದಿಗೂ ಹೊಸದಾಗಿಯೇ ಇರಬೇಕೆಂಬ ನಿಯಮವಿಲ್ಲ. ಅದರಲ್ಲಿ ತೂತು ಬಿದ್ದಿಲ್ಲವೆಂದು ತಿಳಿದಿರುವುದು ಮಾತ್ರ ಸೋಸುವವರ ಕರ್ತವ್ಯ. ಆ ನೀರನ್ನು ಕುಡಿಯುವವರು ಬಟ್ಟೆಯನ್ನು ನೋಡಿರುವುದಿಲ್ಲ, ಸೋಸಿದವರನ್ನು ನಂಬಿರುತ್ತಾರೆ.