ಪರರ ನೆಲದ ಮೇಲೆ ಸೋಲುವ ಹಕ್ಕು

2023ರ ಏಪ್ರಿಲ್ 20ರ ಬೆಳಿಗ್ಗೆ ಅಮೆರಿಕದ ಟೆಕ್ಸಾಸ್ ರಾಜ್ಯದ ದಕ್ಷಿಣ ತುದಿಯ ಬೋಕಾ ಚೀಕಾ ಕಡಲತೀರದಿಂದ ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಶಿಪ್ ಮೊದಲ ಬಾರಿಗೆ ಪೂರ್ಣರೂಪದಲ್ಲಿ ಮೇಲೆದ್ದಿತು. ಅದರ 33 ಎಂಜಿನ್‌ಗಳಲ್ಲಿ ಕೆಲವು ಹೊತ್ತಿಕೊಳ್ಳಲೇ ಇಲ್ಲ, ಇನ್ನು ಕೆಲವು ದಾರಿಯಲ್ಲೇ ಆರಿಹೋದವು. ಸುಮಾರು 39 ಕಿ.ಮೀ. ಎತ್ತರ ಮುಟ್ಟಿದ ರಾಕೆಟ್ ಗಿರಕಿ ಹೊಡೆಯುತ್ತ, ಹಾರಿ ನಾಲ್ಕು ನಿಮಿಷವಾಗುವಷ್ಟರಲ್ಲಿ ಸಿಡಿಯಿತು. ಕಂಪನಿಯ ನೌಕರರು ಕೇಕೆ ಹಾಕಿ ಚಪ್ಪಾಳೆ ತಟ್ಟಿದರು. ನೋಡುವವರಿಗೆ ಇದು ವಿಚಿತ್ರವೆನಿಸಿದರೂ ಅದರ ಹಿಂದೆ ಒಂದು ಲೆಕ್ಕಾಚಾರವಿತ್ತು. ವರ್ಷಗಟ್ಟಲೆ ಕಾಗದದ ಮೇಲೆ ಗುಣಿಸುತ್ತ ಕೂರುವುದಕ್ಕಿಂತ ಹಾರಿಸಿ ನೋಡು, ಒಡೆದರೆ ಕಾರಣ ಹುಡುಕು, ಮತ್ತೆ ಹಾರಿಸು ಎಂಬುದು ಅವರ ದಾರಿ. ಇದೇ ಕಂಪನಿಯ ಫಾಲ್ಕನ್-1 ಮೂರು ಸಲ ಸೋತು 2008ರಲ್ಲಿ ನಾಲ್ಕನೆಯ ಸಲ ಕಕ್ಷೆ ಸೇರಿತ್ತು. 2015ರ ಡಿಸೆಂಬರಿನಲ್ಲಿ ಫಾಲ್ಕನ್-9ರ ಬೂಸ್ಟರ್ ನೆಟ್ಟಗೆ ನೆಲಕ್ಕಿಳಿದು ನಿಂತಿತು. 2024ರ ಅಕ್ಟೋಬರ್ 13ರಂದು ಸ್ಟಾರ್‌ಶಿಪ್‌ನ ದೈತ್ಯ ಬೂಸ್ಟರ್ ಮರಳಿ ಬಂದಾಗ ಉಡಾವಣಾ ಗೋಪುರದ ಉಕ್ಕಿನ ತೋಳುಗಳೇ ಅದನ್ನು ಹಿಡಿದುಕೊಂಡವು. ಸೋತದ್ದಕ್ಕೆ ಫಲವಂತೂ ಸಿಕ್ಕಿದೆ. ಹಾಗಾದರೆ ಆ ಚಪ್ಪಾಳೆಯಲ್ಲಿ ತಪ್ಪೇನಿದೆ?

ಇಂಥ ಹೊತ್ತಿನಲ್ಲಿ ಗೀತೆಯ ನಿಷ್ಕಾಮಕರ್ಮವನ್ನು ಎಳೆದು ತರುವುದು ನಮ್ಮಲ್ಲಿ ವಾಡಿಕೆ. ಇಲ್ಲಿ ಅದು ಹೊಂದುವುದಿಲ್ಲ. ಈ ಎಂಜಿನಿಯರುಗಳು ಫಲದ ಆಸೆ ಬಿಟ್ಟವರಲ್ಲ, ಸೋಲಿನಿಂದಲೂ ಮಾಹಿತಿಯೆಂಬ ಫಲವನ್ನು ಹಿಂಡಿಕೊಳ್ಳಬಲ್ಲ ಜಾಣರು. ಈ ಪ್ರಶ್ನೆಗೆ ಯಜ್ಞವಿಧಿಗಳನ್ನು ವಿಚಾರಿಸುವ ಪೂರ್ವಮೀಮಾಂಸೆಯೇ ಹೆಚ್ಚು ಹತ್ತಿರ. ಯಜಮಾನ ತನಗೆ ಸೇರಿದ ದ್ರವ್ಯವನ್ನು ದೇವತೆಗೆಂದು ಬಿಟ್ಟುಕೊಟ್ಟರೆ ಅದು ಯಾಗ. ಫಲ ಅವನಿಗೆ ಸಲ್ಲುತ್ತದೆ. ವಿಶ್ವಜಿತ್ ಎಂಬ ಯಾಗದಲ್ಲಿ ಯಜಮಾನ ತನ್ನ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕು. ಹಾಗಿದ್ದರೆ ಈ ಯಾಗ ಮಾಡುವ ರಾಜ ಭೂಮಿಯನ್ನೂ ಕೊಟ್ಟುಬಿಡಬಹುದೇ? ಜೈಮಿನಿಯ ಸೂತ್ರಗಳೂ ಶಬರಸ್ವಾಮಿಯ ಭಾಷ್ಯವೂ ಈ ಪ್ರಶ್ನೆಯನ್ನು ಎತ್ತಿಕೊಂಡು ಕೊಡಲಾಗದು ಎಂದು ತೀರ್ಮಾನಿಸುತ್ತವೆ. ಭೂಮಿ ಎಲ್ಲರಿಗೂ ಸಮಾನವಾದದ್ದು. ರಾಜ ಅದನ್ನು ಕಾಯುತ್ತಾನೆ, ಕಾಯುವುದಕ್ಕೆ ತನ್ನ ಪಾಲು ಪಡೆಯುತ್ತಾನೆ, ಅಷ್ಟರಿಂದ ಒಡೆಯನಾಗುವುದಿಲ್ಲ. ಹೀಗೆಂದವರು ಪರಿಸರ ಹೋರಾಟಗಾರರೇನೂ ಅಲ್ಲ, ಒಂದೊಂದು ಆಹುತಿಯ ಕ್ರಮಕ್ಕೂ ವಾದ ಹೂಡುತ್ತಿದ್ದ ಕರ್ಮಠರು. ಅವರ ಅಳತೆಗೋಲನ್ನೇ ಹಿಡಿದು ಹೇಳುವುದಾದರೆ, ತನ್ನದನ್ನು ಸುಟ್ಟು ಕಲಿಯುವವನಿಗೆ ಸೋಲುವ ಹಕ್ಕು ಪೂರ್ತಿಯಾಗಿ ಇದೆ. ತನ್ನದಲ್ಲದ್ದಕ್ಕೆ ಬೆಂಕಿ ತಗಲುವ ಕಡೆ ಆ ಹಕ್ಕು ಮುಗಿಯುತ್ತದೆ.

ಅಂದು ಬೋಕಾ ಚೀಕಾದಲ್ಲಿ ಸುಟ್ಟದ್ದು ರಾಕೆಟ್ ಒಂದೇ ಆಗಿರಲಿಲ್ಲ. ಉಡಾವಣಾ ಕಟ್ಟೆಯ ಕೆಳಗಿನ ಕಾಂಕ್ರೀಟು ಕಿತ್ತೆದ್ದು ಗುಂಡಿ ಬಿತ್ತು. ಅದರ ತುಂಡುಗಳು ದೂರದೂರಕ್ಕೆ ಸಿಡಿದವು, ಪುಡಿಯಾದ ಕಾಂಕ್ರೀಟಿನ ಮೋಡ ಸುಮಾರು ಹತ್ತು ಕಿ.ಮೀ. ಆಚೆಗೂ ದೂಳು ಉದುರಿಸಿತು. ಪಕ್ಕದ ಸರ್ಕಾರಿ ಉದ್ಯಾನದಲ್ಲಿ ಮೂರೂವರೆ ಎಕರೆ ಹೊತ್ತಿ ಉರಿಯಿತು. ನೀರು ಹಾಯಿಸಿ ತಂಪಾಗಿಡುವ ಉಕ್ಕಿನ ಹಾಸನ್ನು ಕಂಪನಿ ತಯಾರಿಸುತ್ತಿತ್ತು. ಅದು ಸಿದ್ಧವಾಗುವವರೆಗೆ ಕಾಯಲಿಲ್ಲ, ಒಂದು ಉಡಾವಣೆಯನ್ನು ಕಾಂಕ್ರೀಟು ತಡೆದೀತು ಎಂದುಕೊಂಡೆವು ಎಂದು ಆಮೇಲೆ ಇಲಾನ್ ಮಸ್ಕ್ ಅವರೇ ಹೇಳಿದರು. ಗೊತ್ತಿಲ್ಲದ್ದನ್ನು ತಿಳಿಯಲು ಹೋಗಿ ಸೋಲುವುದು ಒಂದು ಬಗೆ, ಕೆಲವು ತಿಂಗಳು ಉಳಿಸಲು ಹೋಗಿ ಸೋಲುವುದು ಇನ್ನೊಂದು. ಎರಡಕ್ಕೂ ಒಂದೇ ಚಪ್ಪಾಳೆ ಸಲ್ಲದು. 2024ರ ಜೂನ್ ಉಡಾವಣೆಯ ನಂತರ ಸಂರಕ್ಷಣಾ ಸಂಸ್ಥೆಯೊಂದು ಆ ತೀರದ ಮರಳಿನಲ್ಲಿದ್ದ ಒಂಬತ್ತು ಹಕ್ಕಿಗೂಡುಗಳನ್ನು ನೋಡಿತು. ಒಂಬತ್ತರಲ್ಲೂ ಗೂಡು ಕೆಟ್ಟಿತ್ತು, ಇಲ್ಲವೇ ಮೊಟ್ಟೆ ಕಾಣೆಯಾಗಿತ್ತು. ಇದು ಪತ್ರಿಕೆಯಲ್ಲಿ ಬಂದಾಗ, ಪ್ರಾಯಶ್ಚಿತ್ತವಾಗಿ ಒಂದು ವಾರ ಆಮ್ಲೆಟ್ ಬಿಡುತ್ತೇನೆ ಎಂದು ಮಸ್ಕ್ ಗೇಲಿ ಮಾಡಿದರು. ತನ್ನ ಮನೆಯ ಮೊಟ್ಟೆಯಾಗಿದ್ದರೆ ನಗಬಹುದಿತ್ತು.

ಇದಕ್ಕೆ ಬರುವ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಅಪಾಯ ತೆಗೆದುಕೊಳ್ಳದೆ ಮನುಷ್ಯ ಹಾರಲು ಕಲಿತನೇ ಎನ್ನುತ್ತಾರೆ. ನಿಜ, ಕಲಿಯಲಿಲ್ಲ. ಆದರೆ ಜರ್ಮನಿಯ ಒಟ್ಟೊ ಲಿಲಿಯೆಂಟಾಲ್ 1896ರಲ್ಲಿ ಗ್ಲೈಡರಿನಿಂದ ಬಿದ್ದು ಸತ್ತಾಗ ಒಡ್ಡಿದ್ದು ಸ್ವಂತ ಪ್ರಾಣವನ್ನು. ಯಾರಿಗೂ ಗಾಯವಾಗಲಿಲ್ಲ, ಸರ್ಕಾರದ ಪರವಾನಗಿ ಇತ್ತು, ವಿಮೆಯೂ ಇತ್ತು ಎಂಬುದು ಇನ್ನಷ್ಟು ಗಟ್ಟಿ ಆಕ್ಷೇಪ. ಅದೃಷ್ಟವನ್ನು ನೀತಿ ಎಂದು ಕರೆಯಲಾಗದು ಎಂಬುದು ನನ್ನ ಉತ್ತರ. 2025ರ ಜನವರಿ 16ರಂದು ಏಳನೆಯ ಹಾರಾಟದ ಅವಶೇಷಗಳು ಟರ್ಕ್ಸ್ ಮತ್ತು ಕೈಕೋಸ್ ದ್ವೀಪಗಳ ಮೇಲೆ ಬಿದ್ದವು, ವಿಮಾನಗಳು ದಾರಿ ಬದಲಿಸಬೇಕಾಯಿತು. ಆ ದ್ವೀಪದವರು ಅಮೆರಿಕದ ಮತದಾರರೂ ಅಲ್ಲ. ಬೋಕಾ ಚೀಕಾವನ್ನು ತಮ್ಮ ಸೃಷ್ಟಿಕಥೆಯ ನೆಲವೆಂದು ನಂಬುವ ಕರೀಸೊ ಕೊಮೆಕ್ರೂಡೊ ಬುಡಕಟ್ಟಿನವರು ತೀರಕ್ಕೆ ಹೋಗುವ ದಾರಿ ಮುಚ್ಚುವುದರ ವಿರುದ್ಧ ಕೋರ್ಟಿಗೆ ಹೋಗಬೇಕಾಯಿತು. ಪರವಾನಗಿ ಕೊಟ್ಟ ಸರ್ಕಾರದ ಸ್ಥಾನ ಶಬರನ ರಾಜನದೇ, ಕಾಯುವವನದು. ಇನ್ನು ಖಾಸಗಿ ಹಣ ಎಂಬ ಮಾತು ಅರ್ಧ ಸತ್ಯ: ಚಂದ್ರನ ಮೇಲೆ ಜನರನ್ನು ಇಳಿಸುವ ನೌಕೆಗಾಗಿ ನಾಸಾ 2021ರಲ್ಲಿ ಇದೇ ಸ್ಟಾರ್‌ಶಿಪ್‌ಗೆ 289 ಕೋಟಿ ಡಾಲರ್ ಗುತ್ತಿಗೆ ಕೊಟ್ಟಿದೆ.

ಸರ್ಕಾರಿ ಸಂಸ್ಥೆಗಳಾದರೆ ಶುದ್ಧವೇ ಎಂದರೆ, ಅದೂ ಇಲ್ಲ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿದ್ದಾಗ ಇಸ್ರೊ ಅಧ್ಯಕ್ಷ ಸತೀಶ್ ಧವನ್ ಪತ್ರಕರ್ತರ ಮುಂದೆ ಕೂತು ಹೊಣೆಯನ್ನು ತಮ್ಮ ಮೇಲೆ ಹೊತ್ತುಕೊಂಡದ್ದನ್ನು ಆ ಯೋಜನೆಯ ನಿರ್ದೇಶಕರಾಗಿದ್ದ ಅಬ್ದುಲ್ ಕಲಾಂ ಮತ್ತೆ ಮತ್ತೆ ನೆನೆಯುತ್ತಿದ್ದರು. ಸೋಲನ್ನು ಹೊರುವ ರೀತಿ ಅದು. ಆದರೆ ಆ ರಾಕೆಟ್ ಎದ್ದ ಶ್ರೀಹರಿಕೋಟಾದಲ್ಲಿ ಮೊದಲಿದ್ದವರು ಯಾನಾದಿ ಬುಡಕಟ್ಟಿನವರು. ಸ್ಟಾರ್‌ಶಿಪ್ ಸಿಡಿಯುವುದಕ್ಕೆ 18 ದಿನ ಮುಂಚೆ, 2023ರ ಏಪ್ರಿಲ್ 2ರಂದು, ಇಸ್ರೊ ತನ್ನ ಮರುಬಳಕೆಯ ವಾಹನವನ್ನು ಹೆಲಿಕಾಪ್ಟರಿನಿಂದ 4.5 ಕಿ.ಮೀ. ಎತ್ತರದಲ್ಲಿ ಕಳಚಿಬಿಟ್ಟು ಚಿತ್ರದುರ್ಗ ಜಿಲ್ಲೆಯ ರನ್‌ವೇ ಮೇಲೆ ತಾನಾಗಿಯೇ ಇಳಿಯುವಂತೆ ಮಾಡಿತು. ಸೊಗಸಾದ ಕೆಲಸ, ಏನೂ ಒಡೆಯಲಿಲ್ಲ. ಆದರೆ ಆ ರನ್‌ವೇ ಇರುವುದು ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ. ಅಲ್ಲಿ ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಕೊಟ್ಟ ಸುಮಾರು 10,000 ಎಕರೆ, ಸುತ್ತಲಿನ ಹಳ್ಳಿಗಳ ದನ ಕುರಿ ಮೇಯುತ್ತಿದ್ದ ಹುಲ್ಲುಗಾವಲು. ಹಸಿರು ನ್ಯಾಯಮಂಡಳಿಯವರೆಗೆ ಹೋದ ಆ ತಕರಾರಿನಲ್ಲಿ ಕೇಳಿದ್ದೂ ಇದೇ ಪ್ರಶ್ನೆ: ಎಲ್ಲರದ್ದನ್ನು ಕೊಡಲು ಸರ್ಕಾರ ಯಾರು?

ಬೆಂಗಳೂರಿನಲ್ಲೂ ಈಗ ಮರುಬಳಕೆಯ ರಾಕೆಟ್ ಕಟ್ಟಲು ಹೊರಟ ಖಾಸಗಿ ಕಂಪನಿಯಿದೆ. ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ ಇಸ್ರೊದ ಎರಡನೆಯ ಉಡಾವಣಾ ಕೇಂದ್ರಕ್ಕೆ 2024ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆಯಾಗಿದೆ. 2023ರ ಬಾಹ್ಯಾಕಾಶ ನೀತಿ ಖಾಸಗಿಯವರಿಗೆ ಬಾಗಿಲು ತೆರೆದಿದೆ, ಸಂಸತ್ತಿನ ಕಾಯ್ದೆ ಮಾತ್ರ ಇನ್ನೂ ಬಂದಿಲ್ಲ. ಅದು ಬರುವಾಗ, ಸೋಲಿನ ಚೂರು ಬೀಳುವ ಕಡಲಲ್ಲಿ ಬಲೆ ಬೀಸುವವರನ್ನೂ ಆ ನೆಲದಲ್ಲಿ ದನ ಮೇಯಿಸುವವರನ್ನೂ ಪರವಾನಗಿಗೆ ಮೊದಲು ಕೇಳಬೇಕು, ಅವರು ಬೇಡವೆಂದರೆ ಆ ಮಾತಿಗೆ ಕಾನೂನಿನ ತೂಕವಿರಬೇಕು ಎಂಬ ಕಲಮನ್ನು ಅದರಲ್ಲಿ ಸೇರಿಸಲಿ.